‘ಟ್ವೆಲ್ವ್ ಆಂಗ್ರಿ ಮೆನ್’ ನೋಡಿದವರು ಹೇಳಿ: ಹುಡುಗ ಕೊಂದಿದ್ದನಾ, ಇಲ್ವಾ?

ತುಂಗಾತೀರ
ನಿನ್ನೆ ರಾತ್ರಿ ಅಪ್ಪ, ನಾನು, ತಮ್ಮ ಮೂವರೂ ಕೂತು 1957ರ ‘ಟ್ವೆಲ್ವ್ ಆಂಗ್ರಿ ಮೆನ್’ ನೋಡಿದೆವು. ಕಪ್ಪು ಬಿಳುಪು, ಒಂದೇ ಕೋಣೆ, ಹಾಡಿಲ್ಲ, ಹೊಡೆದಾಟ ಇಲ್ಲ. ತಮ್ಮ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾನೆ ಅಂದುಕೊಂಡಿದ್ದೆ. ಮಧ್ಯೆ ನೀರು ಕುಡಿಯೋಕೂ ಏಳಲಿಲ್ಲ.

ನೋಡದೇ ಇರೋರಿಗೆ ಎರಡು ಮಾತು. ನ್ಯೂಯಾರ್ಕಿನಲ್ಲಿ 18 ವರ್ಷದ ಹುಡುಗ, ಅಪ್ಪನನ್ನು ಚಾಕುವಿನಿಂದ ಇರಿದು ಕೊಂದ ಅಂತ ಕೇಸು. ಹನ್ನೆರಡು ಜನ ಜ್ಯೂರಿಗಳು, ಅಂದರೆ ತೀರ್ಪು ಹೇಳೋಕೆ ಕರೆಸಿದ ಸಾಮಾನ್ಯ ಜನ, ಒಂದು ಕೋಣೆಯಲ್ಲಿ ಕೂತು ತೀರ್ಮಾನ ಮಾಡಬೇಕು. ತಪ್ಪಿತಸ್ಥ ಅಂದರೆ ವಿದ್ಯುತ್ ಕುರ್ಚಿ. ಹನ್ನೊಂದು ಜನ ಕೈ ಎತ್ತುತ್ತಾರೆ, ಎಂಟನೇ ನಂಬರಿನವನು ಮಾತ್ರ ಎತ್ತಲ್ಲ. ಕೊನೆಗೆ ಹನ್ನೆರಡೂ ಜನ ‘ತಪ್ಪಿತಸ್ಥನಲ್ಲ’ ಅನ್ನುತ್ತಾರೆ.

ಸಿನಿಮಾ ಮುಗಿಯಿತು, ಜಗಳ ಶುರುವಾಯಿತು. ಅಪ್ಪ 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ‘ಹುಡುಗನೇ ಕೊಂದದ್ದು, ಅನುಮಾನವೇ ಇಲ್ಲ’ ಅಂತ ಪಟ್ಟು ಹಿಡಿದಿದ್ದಾರೆ. ಅವರ ಲೆಕ್ಕ ಹೀಗೆ. ಅಪ್ಪ-ಮಗನಿಗೆ ಅವತ್ತೇ ಸಂಜೆ ಜಗಳ. ಅವತ್ತೇ ಹುಡುಗ ಚಾಕು ಕೊಂಡ. ಅವತ್ತೇ ಆ ಚಾಕು ಜೇಬಿನ ತೂತಿನಿಂದ ಬಿದ್ದು ಕಳೆದುಹೋಯಿತಂತೆ. ಅವತ್ತೇ ಬೇರೆ ಯಾರೋ ಅಂಥದ್ದೇ ಚಾಕು ತಂದು ಅವನ ಅಪ್ಪನಿಗೇ ಇರಿದ. ಇವನು ಸಿನಿಮಾಗೆ ಹೋಗಿದ್ದೆ ಅಂತಾನೆ, ಸಿನಿಮಾದ ಹೆಸರು ಗೊತ್ತಿಲ್ಲ. ಮೇಲೆ ಇಬ್ಬರು ಸಾಕ್ಷಿ: ಇರಿದದ್ದು ಕಂಡೆ ಅನ್ನೋ ಎದುರು ಮನೆಯ ಹೆಂಗಸು, ಹುಡುಗ ಓಡಿಹೋಗಿದ್ದು ಕಂಡೆ ಅನ್ನೋ ಕೆಳಗಿನ ಮನೆಯ ಮುದುಕ. ‘ಒಂದೊಂದನ್ನೇ ಎತ್ತಿಕೊಂಡು ಹೀಗೂ ಇರಬಹುದು ಅನ್ನಬಹುದು. ಎಲ್ಲ ಒಂದೇ ರಾತ್ರಿ ಒಬ್ಬನಿಗೇ ಆಗೋ ಸಂಭವ ಎಷ್ಟು? ಗುಣಿಸಿ ನೋಡು’ ಅಂತಾರೆ.

ನನಗೆ ಉತ್ತರ ಹೊಳೆಯಲಿಲ್ಲ. ಯಾರಾದರೂ ನನ್ನ ಕಡೆ ಬನ್ನಿ.

ದಾವಣಗೆರೆ ದೋಸೆ
ನಾನು ನಿಮ್ಮ ಅಪ್ಪನ ಕಡೆ. ಸಾರಿ ಅಕ್ಕಾ.

ಬೆಣ್ಣೆಮುರುಕು
ಹುಡುಗನ ಮುಖ ಶುರುವಿನಲ್ಲಿ ಒಂದೇ ಸಲ ತೋರಿಸ್ತಾರೆ. ಆ ಕಣ್ಣು ನೋಡಿದರೆ ಕೊಲೆಗಾರ ಅನ್ನಿಸಲ್ಲ ರೀ.

ದಾವಣಗೆರೆ ದೋಸೆ
ಕಣ್ಣು ನೋಡಿ ತೀರ್ಪು ಕೊಡೋದಾದರೆ ಇನ್ನು ಜ್ಯೂರಿ ಯಾಕೆ, ಜಡ್ಜ್ ಯಾಕೆ?

ಕರಿಕೋಟು
ಧಾರವಾಡದಲ್ಲಿ ವಕೀಲಿಕೆ ಮಾಡ್ತೀನಿ, ಅದರಲ್ಲೂ ಕ್ರಿಮಿನಲ್ ಜಾಸ್ತಿ. ಅದಕ್ಕೇ ಸುಮ್ಮನಿರೋಕೆ ಆಗಲಿಲ್ಲ.

ಮೊದಲನೆಯದು, ನಿಮ್ಮ ಪ್ರಶ್ನೆಯೇ ಆ ಕೋಣೆಯಲ್ಲಿ ಯಾರೂ ಉತ್ತರಿಸಬೇಕಾದ ಪ್ರಶ್ನೆ ಅಲ್ಲ. ಎಂಟನೆಯವನು ಒಮ್ಮೆಯೂ ‘ಇವನು ಕೊಂದಿಲ್ಲ’ ಅನ್ನಲ್ಲ. ‘ನನಗೆ ಗೊತ್ತಿಲ್ಲ’ ಅಂತಾನೆ, ಅಷ್ಟೇ. ಸಿನಿಮಾ ಮುಗಿದರೂ ಕೊಂದವರು ಯಾರು ಅಂತ ಹೇಳಲ್ಲ. ‘ತಪ್ಪಿತಸ್ಥನಲ್ಲ’ ಅಂದರೆ ಸರ್ಕಾರಿ ವಕೀಲರು ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡಲಿಲ್ಲ ಅಂತ ಅರ್ಥ. ನಮ್ಮ ತೀರ್ಪುಗಳಲ್ಲಿ ‘ಸಂಶಯದ ಲಾಭ ಕೊಟ್ಟು ಬಿಡುಗಡೆ’ ಅಂತ ಬರೀತಾರಲ್ಲ, ಅದೇ.

ಎರಡನೆಯದು, ಮೇಷ್ಟ್ರ ಗುಣಾಕಾರ. ಗುಣಿಸುವ ಮುಂಚೆ ಪ್ರತಿ ಅಂಕಿಯೂ ಸರಿ ಇರಬೇಕಲ್ವಾ? 1984ರಲ್ಲಿ ಶರದ್ ಬಿರ್ಧೀಚಂದ್ ಸರ್ದಾ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಾಂದರ್ಭಿಕ ಸಾಕ್ಷ್ಯಕ್ಕೆ, ಅಂದರೆ ಸುತ್ತಲಿನ ಸಂಗತಿಗಳಿಂದ ಊಹಿಸೋ ಸಾಕ್ಷ್ಯಕ್ಕೆ, ಐದು ಸೂತ್ರ ಹೇಳಿತು. ನಾವು ‘ಪಂಚಶೀಲ’ ಅಂತೀವಿ. ಮೊದಲನೇ ಸೂತ್ರವೇ ಇದು: ಯಾವ ಸಂಗತಿಗಳ ಮೇಲೆ ತೀರ್ಮಾನ ನಿಲ್ಲಿಸ್ತೀರೋ ಆ ಸಂಗತಿಗಳು ಪೂರ್ತಿ ರುಜುವಾತಾಗಿರಬೇಕು. ಗೆದ್ದಲು ತಿಂದ ಹತ್ತು ಜಂತೆ ಸೇರಿಸಿದರೂ ಮಾಡು ನಿಲ್ಲಲ್ಲ.

ತುಂಗಾತೀರ
ವಕೀಲರೇ, ಅಪ್ಪನಿಗೆ ಓದಿ ಹೇಳಿದೆ. ‘ಗೆದ್ದಲು ತಿಂದಿದೆ ಅಂತ ಅವರೂ ತೋರಿಸಲಿಲ್ಲ. ತಿಂದಿರಬಹುದು ಅಂದರು ಅಷ್ಟೇ. ಇರಬಹುದು ಅನ್ನೋದಾದರೆ ಯಾವ ಕಳ್ಳನನ್ನೂ ಹಿಡಿಯೋಕಾಗಲ್ಲ’ ಅಂತ ಉತ್ತರ ಬಂದಿದೆ. ಟೈಪ್ ಮಾಡೋಳು ಮಾತ್ರ ನಾನು.

ಕರಿಕೋಟು
ಮೇಷ್ಟ್ರು ವಕೀಲರಾಗಬೇಕಿತ್ತು. ಆದರೆ ‘ಇರಬಹುದು’ ಅನ್ನೋದರಲ್ಲಿ ಎರಡು ಜಾತಿ. ಮಂಗಳ ಗ್ರಹದವರು ಬಂದು ಕೊಂದಿರಬಹುದು ಅನ್ನೋದು ಒಂದು. ಆಚೆ ಬೀದಿಯಿಂದ, ಓಡುತ್ತಿರುವ ರೈಲಿನ ಕಿಟಕಿಗಳ ಮೂಲಕ, ನಡುರಾತ್ರಿ ನೋಡಿದವಳು ಮುಖ ತಪ್ಪು ಗುರುತಿಸಿರಬಹುದು ಅನ್ನೋದು ಇನ್ನೊಂದು. ಕೋರ್ಟಿಗೆ ಬೇಕಾಗಿರೋದು ಎರಡನೆಯದು.

ನನಗೆ ಈ ಸಿನಿಮಾ ಮೇಲೆ ಸಿಟ್ಟು ಇರೋದು ಬೇರೆ ಕಾರಣಕ್ಕೆ. ಹೀರೋ ಮಾಡೋ ದೊಡ್ಡ ಕೆಲಸವೇ ತಪ್ಪು. ಹಿಂದಿನ ರಾತ್ರಿ ಹುಡುಗನ ಬೀದಿಗೇ ಹೋಗಿ, ಆರು ಡಾಲರ್ ಕೊಟ್ಟು ಅಂಥದ್ದೇ ಬಟನ್ ಚಾಕು ಕೊಂಡು ತಂದು ಮೇಜಿನ ಮೇಲೆ ಚುಚ್ಚಿ ನಿಲ್ಲಿಸ್ತಾನೆ. ದೃಶ್ಯ ಅದ್ಭುತ, ಮೈ ಜುಂ ಅನ್ನುತ್ತೆ. ಆದರೆ ಜ್ಯೂರಿ ಕೋರ್ಟಿನಲ್ಲಿ ಬಂದ ಸಾಕ್ಷ್ಯ ಮಾತ್ರ ನೋಡಬೇಕು, ತಾನೇ ತನಿಖೆಗೆ ಇಳಿಯೋ ಹಾಗಿಲ್ಲ. ಆ ಚಾಕು ಮುದ್ದೆಮಾಲು, ಅಂದರೆ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಇಟ್ಟ ವಸ್ತು, ಅಲ್ಲ, ಅದರ ಬಗ್ಗೆ ಯಾರೂ ಪಾಟೀ ಸವಾಲು ಮಾಡಿಲ್ಲ. ಜಡ್ಜ್ ಕಿವಿಗೆ ಬಿದ್ದಿದ್ದರೆ ವಿಚಾರಣೆಯೇ ರದ್ದಾಗಿ ಮತ್ತೆ ಮೊದಲಿಂದ ನಡೆಯಬೇಕಾಗಿತ್ತು. ಅಮೆರಿಕದ ಸುಪ್ರೀಂ ಕೋರ್ಟಿನ ಜಡ್ಜ್ ಸೋನಿಯಾ ಸೊಟೊಮಯೋರ್ ಈ ಸಿನಿಮಾದಿಂದಲೇ ಕಾನೂನಿನ ಕಡೆ ಮನಸ್ಸು ಬಂತು ಅಂತ 2010ರಲ್ಲಿ ಹೇಳಿದ್ದರು. ಅವರೇ ಕೆಳಗಿನ ಕೋರ್ಟಿನಲ್ಲಿದ್ದಾಗ ಜ್ಯೂರಿಗಳಿಗೆ ‘ಆ ಸಿನಿಮಾದ ಥರ ಮಾಡಬೇಡಿ’ ಅಂತಿದ್ದರಂತೆ.

ದಾವಣಗೆರೆ ದೋಸೆ
ಹೀರೋ ಕಾನೂನು ಮುರಿದ ಅಂತ ಬೇಜಾರಾ? ನಮ್ಮ ಹೀರೋಗಳು ಇಂಟರ್‌ವಲ್‌ಗೆ ಮುಂಚೆ ಹತ್ತು ಸಲ ಮುರೀತಾರೆ ಸಾರ್.

ಬೆಣ್ಣೆಮುರುಕು
ಬಟನ್ ಚಾಕು ಅಂದರೆ ರಾಮ್‌ಪುರಿ ಥರವಾ? ನಮ್ಮ ಮಾವ ಒಂದು ಇಟ್ಟುಕೊಂಡಿದ್ದರು, ಹಲಸಿನಹಣ್ಣು ಹೆಚ್ಚೋಕೆ.

ಕರಿಕೋಟು
ಹೆಚ್ಚುಕಡಿಮೆ ಹಾಗೇ. ಹಲಸಿನಹಣ್ಣಿನ ವಿಷಯ ಪೊಲೀಸರು ನಂಬ್ತಾರಾ ಗೊತ್ತಿಲ್ಲ.

ಕನ್ನಡಕದಂಗಡಿ
ನನಗೂ ಒಂದು ಕೊರಗು ಇದೆ. ಉಡುಪಿ ಕಡೆ ಕನ್ನಡಕದ ಅಂಗಡಿ ಇಟ್ಟುಕೊಂಡು 19 ವರ್ಷ ಆಯಿತು.

ಕೊನೆಯಲ್ಲಿ ಕೇಸು ತಿರುಗೋದು ಮೂಗಿನ ಮೇಲಿನ ಗುರುತಿನಿಂದ. ನಾಲ್ಕನೆಯವನು ಕನ್ನಡಕ ತೆಗೆದು ಮೂಗು ಉಜ್ಜಿಕೊಳ್ತಾನೆ. ಅದನ್ನು ನೋಡಿದ ಮುದುಕನಿಗೆ, ಅಂದರೆ ಒಂಬತ್ತನೆಯವನಿಗೆ, ಸಾಕ್ಷಿ ಹೇಳಿದ ಹೆಂಗಸಿನ ಮೂಗಿನ ಮೇಲೂ ಅದೇ ಗುರುತು ಇದ್ದದ್ದು ನೆನಪಾಗುತ್ತೆ. ಮಲಗುವಾಗ ಯಾರೂ ಕನ್ನಡಕ ಹಾಕಲ್ಲ, ಹಾಗಾಗಿ ಆಕೆ ಕನ್ನಡಕ ಇಲ್ಲದೆ ನೋಡಿದಳು, ಹಾಗಾಗಿ ಕಂಡಿರಲಾರದು. ಹನ್ನೊಂದು ಜನ ತಲೆಯಾಡಿಸ್ತಾರೆ.

ಒಂದು ನಿಮಿಷ ತಡೀರಿ. ಆಕೆಗೆ 45ರ ಹತ್ತಿರ ವಯಸ್ಸು, 35ರ ಹಾಗೆ ಕಾಣೋಕೆ ಒದ್ದಾಡ್ತಿದ್ದಳು ಅಂತ ಅದೇ ಮುದುಕ ಹೇಳ್ತಾನೆ. ನಲವತ್ತು ದಾಟಿದವರು ನನ್ನ ಅಂಗಡಿಗೆ ಬರೋದು ಯಾತಕ್ಕೆ? ಚಾಳೀಸಿಗೆ! ಹೆಸರಿನಲ್ಲೇ ನಲವತ್ತು ಇದೆ. ಚಾಳೀಸು ಬೇಕಾಗೋದು ಪೇಪರ್ ಓದೋಕೆ, ಸೂಜಿಗೆ ದಾರ ಪೋಣಿಸೋಕೆ. ಅಂಥವರಲ್ಲಿ ಎಷ್ಟೋ ಜನರಿಗೆ ದೂರದ್ದು ಚೆನ್ನಾಗೇ ಕಾಣುತ್ತೆ. 60 ಅಡಿ ಆಚೆ ಇರೋ ಮನುಷ್ಯನ ಮುಖ ನೋಡೋಕೆ ಅದು ಬೇಡ. ಮೂಗಿನ ಗುರುತು ಪ್ಲಸ್ ಪವರ್‌ಗೂ ಬೀಳುತ್ತೆ, ಮೈನಸ್ ಪವರ್‌ಗೂ ಬೀಳುತ್ತೆ. ಫ್ರೇಮ್ ಭಾರ ಇದ್ದರೆ, ಮೂಗಿನ ಪ್ಯಾಡ್ ಸರಿಯಾಗಿ ಕೂರದಿದ್ದರೆ ಬೀಳುತ್ತೆ. ಗಾಜಿನ ಪವರಿಗೂ ಗುರುತಿಗೂ ಸಂಬಂಧ ಇಲ್ಲ.

ಮೂರನೆಯವನು ಒಬ್ಬ ‘ಯಾವ ಕನ್ನಡಕ ಅಂತ ನಿನಗೇನು ಗೊತ್ತು?’ ಅಂತ ಕೂಗ್ತಾನೆ. ಉಳಿದ ಹನ್ನೊಂದು ಜನ ಅದನ್ನು ಕಿವಿಗೆ ಹಾಕಿಕೊಳ್ಳಬೇಕಿತ್ತಾ ಬೇಡ್ವಾ?

ತುಂಗಾತೀರ
ಅಯ್ಯೋ. ಇದನ್ನು ಅಪ್ಪನಿಗೆ ಓದಿ ಹೇಳಲ್ಲ ನಾನು.

ಕರಿಕೋಟು
ಅಂಗಡಿಯವರೇ, ಪಾಯಿಂಟ್ ಭರ್ಜರಿ. ಆದರೆ ಅದೂ ನನ್ನ ಕಡೆಗೇ ಬಂತು. ಯಾವ ಕನ್ನಡಕ ಅಂತ ಗೊತ್ತಿಲ್ಲ ಅಂದರೆ ಕಂಡಿತ್ತೋ ಇಲ್ಲವೋ ಗೊತ್ತಿಲ್ಲ ಅಂತಲೇ. ಗೊತ್ತು ಮಾಡಿಸೋ ಜವಾಬ್ದಾರಿ ಸರ್ಕಾರದ್ದು. ಇನ್ನು ಆ ಹುಡುಗನ ವಕೀಲ ಒಂದು ಪ್ರಶ್ನೆ ಕೇಳಿದ್ದರೆ ಅಲ್ಲೇ ಮುಗೀತಿತ್ತು. ಪುಣ್ಯಾತ್ಮ ನಿದ್ದೆ ಮಾಡ್ತಿದ್ದ ಅನಿಸುತ್ತೆ.

ಮಲ್ಲಿಗೆಬಳ್ಳಿ
ಹನ್ನೆರಡೂ ಜನ ಗಂಡಸರೇ ಯಾಕೆ ಅಂತ ಯಾರೂ ಕೇಳಲೇ ಇಲ್ಲ. ಒಬ್ಬಳು ಹೆಂಗಸು ಇದ್ದಿದ್ದರೆ ಮೂಗಿನ ಗುರುತು ಮೊದಲ ಐದು ನಿಮಿಷಕ್ಕೇ ಹೇಳ್ತಿದ್ದಳು. ಎಂಥ ಕನ್ನಡಕ ಅನ್ನೋದನ್ನೂ ಸೇರಿಸಿ.

ರೀಲುಮಾಮ
ನ್ಯೂಯಾರ್ಕಿನಲ್ಲಿ 1937ರಿಂದಲೇ ಹೆಂಗಸರು ಜ್ಯೂರಿಯಲ್ಲಿ ಕೂರಬಹುದಿತ್ತು. ಆದರೆ ಬೇಡ ಅಂದರೆ ಬಿಟ್ಟುಬಿಡುತ್ತಿದ್ದರು, ಹಾಗಾಗಿ ಬರೀ ಗಂಡಸರ ಜ್ಯೂರಿ ಆಗಿಬಿಡೋದು ಅಸಾಧ್ಯ ಏನಲ್ಲ. ಕಥೆ ಬರೆದ ರೆಜಿನಾಲ್ಡ್ ರೋಸ್ ತಾನೇ ಒಂದು ಕೇಸಿನಲ್ಲಿ ಜ್ಯೂರಿಯಾಗಿ ಕೂತು ಬಂದ ಮೇಲೆ ಇದನ್ನು ಬರೆದ. ಮೊದಲು ಸಿನಿಮಾ ಅಲ್ಲ, 1954ರ ಸೆಪ್ಟೆಂಬರಿನಲ್ಲಿ ಟಿವಿಯಲ್ಲಿ ನೇರಪ್ರಸಾರವಾದ ನಾಟಕ. ಅದರಲ್ಲಿದ್ದ ಇಬ್ಬರು ಸಿನಿಮಾದಲ್ಲೂ ಇದ್ದಾರೆ: ಒಂಬತ್ತನೆಯ ಮುದುಕ ಜೋಸೆಫ್ ಸ್ವೀನಿ, ಹನ್ನೊಂದನೆಯ ಗಡಿಯಾರದ ರಿಪೇರಿಯವನು ಜಾರ್ಜ್ ವೊಸ್ಕೊವೆಕ್.

ಮತ್ತೊಮ್ಮೆ ನೋಡುವಾಗ ಕ್ಯಾಮೆರಾ ಎಲ್ಲಿದೆ ಅಂತ ಗಮನಿಸಿ. ನಿರ್ದೇಶಕ ಸಿಡ್ನಿ ಲುಮೆಟ್‌ಗೆ ಇದು ಮೊದಲ ಸಿನಿಮಾ. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿಗಿಂತ ಮೇಲೆ, ಮಧ್ಯದಲ್ಲಿ ಕಣ್ಣಿನ ಮಟ್ಟಕ್ಕೆ, ಕೊನೆಯಲ್ಲಿ ಕೆಳಗೆ. ಕೊನೆಕೊನೆಗೆ ಚಾವಣಿ ಕಾಣೋಕೆ ಶುರುವಾಗುತ್ತೆ. ಲೆನ್ಸೂ ಬದಲಾಗುತ್ತಾ ಹೋಗುತ್ತೆ, ಗೋಡೆಗಳು ಹತ್ತಿರ ಬಂದ ಹಾಗೆ ಆಗುತ್ತೆ. ನಮಗೂ ಸೆಕೆ ಆಗೋದು ಅದಕ್ಕೇ. ಕೊನೆಗೆ ಹೊರಗೆ ಮೆಟ್ಟಿಲ ಮೇಲೆ ಬಂದಾಗ ಉಸಿರು ಬಿಡ್ತೀವಿ. ಎರಡು ವಾರ ರಿಹರ್ಸಲ್, ಶೂಟಿಂಗ್ ಬರೀ 19 ದಿನ. ದುಡ್ಡು ಉಳಿಸೋಕೆ ಒಂದು ಕುರ್ಚಿಗೆ ಲೈಟ್ ಹಾಕಿದರೆ ಆ ಕುರ್ಚಿಯವನ ಎಲ್ಲ ಮಾತನ್ನೂ ಒಟ್ಟಿಗೇ ತೆಗೆದುಬಿಡುತ್ತಿದ್ದರು. ಅಂದರೆ ಎಂಟನೆಯವನಾದ ಹೆನ್ರಿ ಫೋಂಡಾ, ಮೂರನೆಯವನಾದ ಲೀ ಜೆ. ಕಾಬ್ ಎದುರುಬದುರು ಕೂಗಾಡಿದ ಹಾಗೆ ಕಾಣೋ ಜಗಳದಲ್ಲಿ ಒಬ್ಬನ ಮಾತಿಗೂ ಇನ್ನೊಬ್ಬನ ಉತ್ತರಕ್ಕೂ ದಿನಗಟ್ಟಲೆ ಅಂತರ!

ಬೆಣ್ಣೆಮುರುಕು
ಆಗ ಸೂಪರ್ ಹಿಟ್ ಆಗಿರಬೇಕು ಅಲ್ವಾ? ಆಸ್ಕರ್ ಎಲ್ಲ ಬಾಚಿಕೊಂಡಿರುತ್ತೆ.

ರೀಲುಮಾಮ
ಎರಡೂ ಇಲ್ಲ. ಥಿಯೇಟರಿನಲ್ಲಿ ಸೋತಿತು. ಫೋಂಡಾ ತಾನೇ ನಿರ್ಮಾಪಕರಲ್ಲೊಬ್ಬ. ಆಸ್ಕರ್‌ಗೆ ಮೂರು ನಾಮನಿರ್ದೇಶನ ಬಂದವು, ಮೂರನ್ನೂ ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ ಹೊಡೆದುಕೊಂಡು ಹೋಯಿತು. ಬರ್ಲಿನ್‌ನಲ್ಲಿ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ‘ಗೋಲ್ಡನ್ ಬೇರ್’ ಸಿಕ್ಕಿತು.

ದಾವಣಗೆರೆ ದೋಸೆ
ಹಿಂದಿಯಲ್ಲಿ ಬಾಸು ಚಟರ್ಜಿ ಮಾಡಿದ್ದು ನೋಡಿದ್ದೀರಾ, ‘ಏಕ್ ರುಕಾ ಹುವಾ ಫೈಸಲಾ’? ಪಂಕಜ್ ಕಪೂರ್ ಮುಂದೆ ಇಂಗ್ಲಿಷಿನವನು ಏನೂ ಅಲ್ಲ.

ರೀಲುಮಾಮ
ಪಂಕಜ್ ಕಪೂರ್ ಒಪ್ಪಿದೆ. ‘ಏನೂ ಅಲ್ಲ’ ಒಪ್ಪಲ್ಲ. ಲೀ ಜೆ. ಕಾಬ್ ಮಗನ ಫೋಟೊ ಹರಿದು ಹಾಕಿ ಮೇಜಿಗೆ ತಲೆಯಿಟ್ಟು ಅಳೋದನ್ನು ಇನ್ನೊಂದು ಸಲ ನೋಡಿ, ಆಮೇಲೆ ಮಾತಾಡೋಣ. ಕನ್ನಡದಲ್ಲೂ 2012ರಲ್ಲಿ ರವಿಚಂದ್ರನ್, ಅನಂತ್ ನಾಗ್ ಇದ್ದ ‘ದಶಮುಖ’ ಬಂದಿತ್ತು. ಬಂದದ್ದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇನ್ನೊಂದು ತಮಾಷೆ: ಹಿಂದಿಯದು 1986ರದ್ದು, ಅಷ್ಟರಲ್ಲಿ ನಮ್ಮಲ್ಲಿ ಜ್ಯೂರಿಯೇ ಇರಲಿಲ್ಲ.

ಸುಮ್ನೆ ಓದೋನು
ನಾನಾವತಿ ಕೇಸಿನ ಮಾರನೇ ದಿನವೇ ಜ್ಯೂರಿ ರದ್ದು ಮಾಡಿದರು ಅಲ್ವಾ?

ಕರಿಕೋಟು
ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಕಥೆ ಚೆನ್ನಾಗಿದೆ, ದಿನಾಂಕ ಹೊಂದಲ್ಲ. ನೌಕಾಪಡೆಯ ಕಮಾಂಡರ್ ನಾನಾವತಿ 1959ರ ಏಪ್ರಿಲ್‌ನಲ್ಲಿ ಬೊಂಬಾಯಿಯಲ್ಲಿ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ. ಜ್ಯೂರಿಯಲ್ಲಿ ಒಂಬತ್ತು ಜನ, ಎಂಟು ಜನ ತಪ್ಪಿತಸ್ಥನಲ್ಲ ಅಂದರು, ಒಬ್ಬ ಮಾತ್ರ ಒಪ್ಪಲಿಲ್ಲ. ಸಿನಿಮಾ ಉಲ್ಟಾ ಆದ ಹಾಗೆ! ‘ಬ್ಲಿಟ್ಜ್’ ಪತ್ರಿಕೆ ಪೂರ್ತಿ ನಾನಾವತಿ ಪರ ಬರೀತಿತ್ತು, ಬೀದಿಯೆಲ್ಲ ಅವನ ಕಡೆ. ಸೆಷನ್ಸ್ ಜಡ್ಜ್ ಈ ತೀರ್ಪು ಸರಿಯಿಲ್ಲ ಅಂತ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟ್ ಜೀವಾವಧಿ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, 1964ರಲ್ಲಿ ರಾಜ್ಯಪಾಲರು ಕ್ಷಮಾದಾನ ಕೊಟ್ಟರು.

ಜ್ಯೂರಿ ಪೂರ್ತಿ ಹೋದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ಕ್ಕೆ ಜಾರಿಗೆ ಬಂದಾಗ. ಈಗಲೂ ಪಾರ್ಸಿಗಳ ಮದುವೆ-ವಿಚ್ಛೇದನದ ಕೋರ್ಟಿನಲ್ಲಿ ಜಡ್ಜ್ ಜೊತೆ ಅವರ ಸಮುದಾಯದ ಪ್ರತಿನಿಧಿಗಳು ಕೂರೋ ಪದ್ಧತಿ ಕಾನೂನಿನಲ್ಲಿ ಉಳಿದಿದೆ.

ದಾವಣಗೆರೆ ದೋಸೆ
ಹೋದದ್ದೇ ಒಳ್ಳೇದಾಯಿತು. ನಮ್ಮ ಬೀದಿಯಲ್ಲಿ ಹನ್ನೆರಡು ಜನರನ್ನು ಕೂರಿಸಿದರೆ ಮೊದಲು ‘ಯಾವ ಪೈಕಿ?’ ಅಂತ ಕೇಳ್ತಾರೆ.

ನಾಟಕದ ನಾಣಿ
ದೋಸೆಯವರು ತಮಾಷೆಗೆ ಹೇಳಿದರೋ ಏನೋ, ನನಗೆ ಹಳೇದೊಂದು ನೆನಪಾಯಿತು.

ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ವಾರ್ಷಿಕೋತ್ಸವಕ್ಕೆ ಇದನ್ನೇ ನಾವೇ ಕನ್ನಡಕ್ಕೆ ಮಾಡಿಕೊಂಡು ಆಡಿದ್ದೆವು. ನನಗೆ ಹತ್ತನೆಯವನ ಪಾತ್ರ. ‘ಆ ಜನಗಳೇ ಹಾಗೆ, ಸುಳ್ಳು ಅವರ ರಕ್ತದಲ್ಲೇ ಇದೆ’ ಅಂತ ಅರಚಾಡ್ತಾನಲ್ಲ, ಅವನು. ನಾವು ಅದನ್ನು ‘ಆ ಕೊಳೆಗೇರಿಯವರು’ ಅಂತ ಮಾಡಿದ್ದೆವು. ರಿಹರ್ಸಲ್‌ನಲ್ಲಿ ನಾನೇ ಬೆಸ್ಟ್. ಅರಚೋದಕ್ಕೇನು, ಯಾರು ಬೇಕಾದರೂ ಅರಚಬಹುದು.

ನಾಟಕದ ದಿನ ಮೂರನೇ ಸಾಲಿನಲ್ಲಿ ನಮ್ಮ ಮೆಸ್ಸಿನ ಅಡುಗೆಯವರು, ತಟ್ಟೆ ತೊಳೆಯುವವರು ಕೂತಿದ್ದರು. ಸ್ನಾನ ಮಾಡಿ, ಇಸ್ತ್ರಿ ಷರಟು ಹಾಕಿಕೊಂಡು ಬಂದಿದ್ದರು. ಹಾಸ್ಟೆಲ್ ಹಿಂದಿನ ಶೀಟಿನ ಮನೆಗಳಲ್ಲೇ ಅವರ ವಾಸ. ನನ್ನ ಮಾತು ಶುರುವಾಯಿತು. ಮೂರನೇ ವಾಕ್ಯಕ್ಕೆ ನನಗೆ ದಿನಾ ಎರಡು ಚಪಾತಿ ಜಾಸ್ತಿ ಹಾಕುತ್ತಿದ್ದವರ ಮುಖ ಕಂಡಿತು. ಗಂಟಲು ಕಟ್ಟಿತು. ಅಷ್ಟರಲ್ಲಿ ಸ್ಕ್ರಿಪ್ಟಿನ ಪ್ರಕಾರ ಒಬ್ಬೊಬ್ಬರೇ ಎದ್ದು ನನಗೆ ಬೆನ್ನು ಮಾಡಿ ನಿಂತರು. ಉಳಿದ ಮಾತನ್ನು ಪಿಸುಗುಟ್ಟಿದ ಹಾಗೆ ಹೇಳಿ ಕೂತೆ. ಎಲ್ಲರೂ ‘ಎಂಥ ನಟನೆ ಮಾರಾಯ’ ಅಂದರು. ಮಾರನೇ ದಿನ ಮೆಸ್ಸಿಗೆ ಹೋಗೋಕೆ ಧೈರ್ಯ ಸಾಲದೆ ಹೊರಗೆ ಇಡ್ಲಿ ತಿಂದೆ.

ಮಲ್ಲಿಗೆಬಳ್ಳಿ
ಆಮೇಲೆ ಹೋದಿರಾ?

ನಾಟಕದ ನಾಣಿ
ಹೋದೆ. ಎರಡು ಚಪಾತಿ ಜಾಸ್ತಿಯೇ ಹಾಕಿದರು. ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸುಬ್ಬು ಕ್ಯಾಲಿಫೋರ್ನಿಯಾ
ತಡವಾಗಿ ಬಂದೆ, ಇಲ್ಲಿ ಈಗ ಬೆಳಗ್ಗೆ. ನಿಜವಾದ ಜ್ಯೂರಿಯಲ್ಲಿ ಕೂತವನು ಈ ಥ್ರೆಡ್‌ನಲ್ಲಿ ನಾನೊಬ್ಬನೇ ಅನಿಸುತ್ತೆ.

ಇಲ್ಲಿನ ಪ್ರಜೆಯಾದ ಮರುವರ್ಷವೇ ಲಕೋಟೆ ಬಂತು. ಮೊದಲ ದಿನಕ್ಕೆ ಬಿಡಿಗಾಸಿಲ್ಲ, ಎರಡನೇ ದಿನದಿಂದ ದಿನಕ್ಕೆ 15 ಡಾಲರ್. ಪಾರ್ಕಿಂಗ್‌ಗೂ ಸಾಲದು. ಕೊಲೆ ಕೇಸಲ್ಲ. ಯಾರದೋ ಗ್ಯಾರೇಜಿಗೆ ನುಗ್ಗಿ ಸಾಮಾನು ಕದ್ದದ್ದು, ತಡೆಯೋಕೆ ಬಂದವನನ್ನು ತಳ್ಳಿದ್ದು, ಎರಡು ಆರೋಪ. ಸಿನಿಮಾದಲ್ಲಿ ಬೇಸ್‌ಬಾಲ್ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಬೇಗ ಮುಗಿಸಿ ಅನ್ನೋ ಏಳನೆಯವನು ಇದ್ದಾನಲ್ಲ? ಅವನು ನಾನೇ. ಆಫೀಸಿನಲ್ಲಿ ಶುಕ್ರವಾರ ರಿಲೀಸ್ ಇತ್ತು, ಫೋನನ್ನು ಕೋಣೆಯ ಹೊರಗೇ ಇಟ್ಟುಕೊಂಡಿದ್ದರು. ಮೊದಲ ಸುತ್ತಿಗೇ ಎರಡಕ್ಕೂ ‘ತಪ್ಪಿತಸ್ಥ’ ಅಂತ ಚೀಟಿ ಬರೆದು ಮಡಚಿ ಹಾಕಿದೆ.

ಬಸ್ ಓಡಿಸಿ ರಿಟೈರ್ ಆದ ಅಜ್ಜಿಯೊಬ್ಬರಿದ್ದರು. ‘ತಳ್ಳಿದವನು ಇವನೇ ಅಂತ ಹೇಗೆ ಗೊತ್ತು?’ ಅಂದರು. ನಾನು ಬುದ್ಧಿವಂತನ ಹಾಗೆ ‘ಸಾಕ್ಷಿ ಕೆಂಪು ಜಾಕೆಟ್ ಅಂದನಲ್ಲ, ಇವನ ಹತ್ತಿರ ಸಿಕ್ಕಿದ್ದೂ ಕೆಂಪು ಜಾಕೆಟ್’ ಅಂದೆ. ನಾಲ್ಕೈದು ಜನ ಹೌದು ಹೌದು ಅಂದರು. ಅಜ್ಜಿ ಮಾತ್ರ ಜಡ್ಜಿಗೆ ಚೀಟಿ ಕಳಿಸೋಣ, ಆ ಸಾಕ್ಷಿಯ ಹೇಳಿಕೆ ಇನ್ನೊಮ್ಮೆ ಓದಿಸೋಣ ಅಂತ ಹಟ ಹಿಡಿದರು. ಓದಿದರು. ಸಾಕ್ಷಿ ‘ಜಾಕೆಟ್’ ಅಂದಿದ್ದ. ಬಣ್ಣವೇ ಹೇಳಿರಲಿಲ್ಲ! ಕೆಂಪು ಬಣ್ಣ ಬಳಿದವನು ನಾನು. ಫೋಟೊದಲ್ಲಿ ನೋಡಿದ್ದನ್ನು ಅವನ ಬಾಯಿಗೆ ತುರುಕಿದ್ದೆ. ಸುಳ್ಳು ಹೇಳಿದ್ದಲ್ಲ, ನಿಜವಾಗಲೂ ಕೇಳಿಸಿದ ಹಾಗೆ ನೆನಪಿತ್ತು.

ಕೊನೆಗೆ ಕದ್ದದ್ದಕ್ಕೆ ತಪ್ಪಿತಸ್ಥ, ತಳ್ಳಿದ್ದಕ್ಕೆ ಅಲ್ಲ ಅಂತ ಆಯಿತು. ಮಳೆ ಬರಲಿಲ್ಲ, ಯಾರೂ ಫೋಟೊ ಹರಿಯಲಿಲ್ಲ, ಎಸಿ ಜಾಸ್ತಿಯಾಗಿ ಎಲ್ಲರೂ ನಡುಗುತ್ತಿದ್ದೆವು. ಆದರೆ ಆ ಹುಡುಗ ಸಿನಿಮಾದ ಹೆಸರು ಮರೆತ ಅಂತ ಮೇಷ್ಟ್ರು ಹಿಡಿದುಕೊಂಡಿದ್ದಾರಲ್ಲ, ಅದಕ್ಕೆ ಮಾತ್ರ ನಾನು ಒಪ್ಪಲ್ಲ. ನಾನು ಯಾವ ಗಾಬರಿಯೂ ಇಲ್ಲದೆ ಪ್ಯಾಡಿನಲ್ಲಿ ನೋಟ್ಸ್ ಮಾಡಿಕೊಂಡೇ ಮರೆತವನು. ಪೊಲೀಸರು ಅವನನ್ನು ಕೇಳುವಾಗ ಪಕ್ಕದ ಕೋಣೆಯಲ್ಲೇ ಅಪ್ಪನ ಹೆಣ ಇತ್ತು.

ರೀಲುಮಾಮ
ಸಿನಿಮಾದಲ್ಲೂ ಅದೇ ಅಲ್ವಾ? ‘ನಾನು ಬೆವರೋದೇ ಇಲ್ಲ’ ಅನ್ನೋ ನಾಲ್ಕನೆಯವನನ್ನು ಎಂಟನೆಯವನು ಕೆಲವು ದಿನ ಹಿಂದೆ ಯಾವ ಸಿನಿಮಾ ನೋಡಿದೆ ಅಂತ ಕೇಳ್ತಾನೆ. ಎರಡನೇ ಸಿನಿಮಾದ ಹೆಸರು ತಪ್ಪಾಗುತ್ತೆ. ಹಣೆ ಮೇಲೆ ಒಂದು ಹನಿ ಬೆವರು.

ತುಂಗಾತೀರ
ಎಲ್ಲರಿಗೂ ಥ್ಯಾಂಕ್ಸ್. ಈಗ ನಮ್ಮ ಮನೆಯ ವರದಿ.

ಕೆಳಗಿನ ಮನೆಯ ಮುದುಕ ಮಂಚದಿಂದ ಎದ್ದು 15 ಸೆಕೆಂಡಿನಲ್ಲಿ ಬಾಗಿಲಿಗೆ ಬಂದೆ ಅಂತ ಸಾಕ್ಷಿ ಹೇಳಿದ್ದ. ಎಂಟನೆಯವನು ಕಾಲು ಎಳೆದುಕೊಂಡು ನಡೆದು ತೋರಿಸಿದಾಗ 41 ಆಯಿತು. ಅಪ್ಪ ಅದು ಮೋಸ, ಬೇಕಂತಲೇ ನಿಧಾನ ನಡೆದ ಅಂದರು. ಸರಿ, ತಮ್ಮ ಟೇಪು ತಂದ. ಕೋಣೆಯಲ್ಲಿ 12 ಅಡಿ, ಹೊರಗೆ 43 ಅಡಿ. ನಮ್ಮ ಪಡಸಾಲೆ ಅಷ್ಟು ಉದ್ದ ಇಲ್ಲ, ಹಾಗಾಗಿ ದೇವರ ಮನೆ ತನಕ ಹೋಗಿ ತಿರುಗಿ ಬರಬೇಕು ಅಂತ ಸುಣ್ಣದ ಗೆರೆ ಎಳೆದೆವು. ಅಪ್ಪನಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕೆ ದಿನಾ ಐದು ನಿಮಿಷ ಬೇಕು. ಅವತ್ತು ಮಾತ್ರ ಗೆಲ್ಲಲೇಬೇಕು ಅಂತ ಪಂಚೆ ಎತ್ತಿ ಕಟ್ಟಿ ಬಿರಬಿರನೆ ನಡೆದರು. ಅಮ್ಮ ‘ಬಿದ್ದರೆ ನಾನು ನೋಡಲ್ಲ’ ಅಂತ ಅಡುಗೆಮನೆಯಿಂದ ಕೂಗುತ್ತಿದ್ದಳು. ಚಿಲಕ ತೆಗೆಯೋ ತನಕ 24 ಸೆಕೆಂಡ್.

‘ಅವನಿಗೆ ಪಾರ್ಶ್ವವಾಯು ಆಗಿತ್ತು, ಎರಡು ಊರುಗೋಲು ಬೇರೆ’ ಅಂದೆ. ಅಪ್ಪ ಏದುಸಿರು ಬಿಡುತ್ತಾ ಕೂತು, ‘15 ಅಂತ ಅವನು ಅಂದಾಜಿಗೆ ಹೇಳಿದ್ದು, ವಾಚು ಹಿಡಿದುಕೊಂಡು ಓಡಿದ್ದನಾ?’ ಅಂದರು.

ಕರಿಕೋಟು
ಸೂಪರ್. ಸಾಕ್ಷಿಯ ಮಾತು ಅಂದಾಜು ಅಂತ ಅವರೇ ಒಪ್ಪಿಕೊಂಡರಲ್ಲ?

ತುಂಗಾತೀರ
ಅದನ್ನೇ ಹೇಳಿದೆ. ಒಂದು ಗಳಿಗೆ ಸುಮ್ಮನಾದರು. ಅಷ್ಟರಲ್ಲಿ ತಮ್ಮ ನನ್ನ ಫೋನ್ ಕಿತ್ತುಕೊಂಡು ಕನ್ನಡಕದಂಗಡಿಯವರ ಪೋಸ್ಟನ್ನು ಜೋರಾಗಿ ಓದಿಬಿಟ್ಟ.

ಅಪ್ಪ ಚಾಳೀಸು ತೆಗೆದು ಕನ್ನಡಿ ಮುಂದೆ ನಿಂತು ಮೂಗು ನೋಡಿಕೊಂಡರು. ಎರಡೂ ಕಡೆ ಗುರುತು. ಬರಿಗಣ್ಣಲ್ಲೇ ಕಿಟಕಿಗೆ ಬಂದು ಎದುರು ರಸ್ತೆಯ ಹಿಟ್ಟಿನ ಗಿರಣಿ ಬೋರ್ಡು ಗಟ್ಟಿಯಾಗಿ ಓದಿದರು. ಹೆಸರು ಸರಿ, ‘ರಾಗಿ, ಗೋಧಿ, ಕಾರದಪುಡಿ ಬೀಸಿ ಕೊಡಲಾಗುವುದು’ ಸರಿ, ಫೋನ್ ನಂಬರಿನಲ್ಲಿ ಕೊನೆಯ ಎರಡು ಅಂಕಿ ತಪ್ಪು. ತಮ್ಮ ಆ ಎರಡು ಅಂಕಿ ಹಿಡಿದುಕೊಂಡಿದ್ದಾನೆ. ಅಪ್ಪ ಉಳಿದ ಎಂಟು ಹಿಡಿದುಕೊಂಡಿದ್ದಾರೆ. ಊಟಕ್ಕೆ ಯಾರೂ ಬಂದಿಲ್ಲ.

ಕನ್ನಡಕದಂಗಡಿ
ಬೋರ್ಡಿನ ಬಣ್ಣ ಹೋಗಿದೆಯಾ ನೋಡಿ ಮೊದಲು.